ಮಾಲ್ಟಾದ ಬೀಗರು

ನಾಗರಿಕತೆಗಳೆಲ್ಲ ನೀರಿನ ದಂಡೆಯ ಮೇಲೆ ಹುಟ್ಟುತ್ತವೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಆದರೆ ನಾನು ಕಣ್ಣಾರೆ ಕಂಡ ಒಂದೇ ಒಂದು ನಾಗರಿಕತೆ ನೀರಿಲ್ಲದ ಕೆರೆಯ ತಳದಲ್ಲಿ ಹುಟ್ಟಿ, ನೀರು ಬಂದ ದಿನ ಮುಳುಗಿ ಹೋಯಿತು. ಅದಕ್ಕೆ ಹನ್ನೊಂದು ಜನ ಪ್ರಜೆಗಳಿದ್ದರು, ಒಂದು ಚರ್ಮದ ಚೆಂಡಿತ್ತು, ಸಮುದ್ರದಾಚೆಯ ಒಂದು ರಾಷ್ಟ್ರದೊಂದಿಗೆ ಬೀಗತನವೂ ಇತ್ತು. ಪಠ್ಯಪುಸ್ತಕದಲ್ಲಿ ಇದರ ಉಲ್ಲೇಖವಿಲ್ಲ.

ಹೋದ ತಿಂಗಳು ಇಂಡಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಊಟಕ್ಕೆ ಕೂತಿದ್ದೆ. ಶೇಂಗಾ ಹಿಂಡಿ ಚಟ್ನಿಯ ಮೇಲೆ ಅವನ ಹೆಂಡತಿ ಕುಸುಬಿ ಎಣ್ಣೆ ಹನಿಸಿದಳು. ಗಾಣದ ಎಣ್ಣೆ, ಈಗ ಸಿಗುವುದು ಅಪರೂಪ. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿನ ರೊಟ್ಟಿ ಕೈಯಲ್ಲೇ ಉಳಿಯಿತು.

"ಯಾಕ್ರಿ ಸರ, ಹಿಂಡಿ ಖಾರಾತೇನ್ರಿ?" ಎಂದ ವಿದ್ಯಾರ್ಥಿ.

"ಹೌದಪಾ, ಭಾಳ ಖಾರ ಐತಿ," ಎಂದೆ. ಎಪ್ಪತ್ತು ದಾಟಿದ ಮನುಷ್ಯ ಎಣ್ಣೆಯ ವಾಸನೆಗೆ ಕಣ್ಣಲ್ಲಿ ನೀರು ತಂದುಕೊಂಡ ಎನ್ನಿಸಿಕೊಳ್ಳುವುದಕ್ಕಿಂತ, ಖಾರ ಎಂದು ಸುಳ್ಳು ಹೇಳುವುದು ಮರ್ಯಾದೆ. ಆ ವಾಸನೆ ನನಗೆ ಅಡಿಗೆಯದಲ್ಲ, ಚೆಂಡಿನದು. ಚರ್ಮ ಒಣಗಿ ಸೀಳಬಾರದೆಂದು ಚನ್ನಪ್ಪ ಮಾಸ್ತರರು ದಿನಾ ಸಂಜೆ ಆಟ ಮುಗಿದ ಮೇಲೆ, ತಾಯಿ ಕೂಸಿಗೆ ಎಣ್ಣೆ ಹಚ್ಚುವಂತೆ, ಚೆಂಡಿಗೆ ಕುಸುಬಿ ಎಣ್ಣೆ ಹಚ್ಚುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ.

ಎಪ್ಪತ್ತರ ದಶಕದ ದೊಡ್ಡ ಬರ ಮುಗಿದ ಮರುವರ್ಷ ನಾನು ಇಂಗ್ಲಿಷ್ ಮತ್ತು ಇತಿಹಾಸದ ಮಾಸ್ತರನಾಗಿ ಆ ಊರಿಗೆ ಹೋದೆ. ಲಚ್ಯಾಣ ಸ್ಟೇಷನ್ನಿನಲ್ಲಿ ಇಳಿದು ಎರಡು ಹರದಾರಿ ನಡೆಯಬೇಕು. ದೀಪಾವಳಿ ಮುಗಿಸಿ ಹೋದವನು ಮುಂದಿನ ದೀಪಾವಳಿಗೆ ವರ್ಗವಾಗಿ ಹೊರಟೆ. ಒಟ್ಟು ಒಂದೇ ವರ್ಷ. ಆಮೇಲೆ ಹತ್ತು ಊರುಗಳಲ್ಲಿ ನೌಕರಿ ಮಾಡಿದೆ. ಯಾರಾದರೂ "ನಿಮ್ಮ ಊರು ಯಾವುದು?" ಎಂದರೆ ಇವತ್ತಿಗೂ ಬಾಯಿ ಧಾರವಾಡ ಎನ್ನುತ್ತದೆ, ಮನಸ್ಸು ಮಾತ್ರ ಲಚ್ಯಾಣದಲ್ಲಿ ಇಳಿದು ನಡೆಯಲು ಶುರುಮಾಡುತ್ತದೆ.

ಚನ್ನಪ್ಪ ಅಲ್ಲಿ ಡ್ರಿಲ್ ಮಾಸ್ತರರು. ಹರೆಯದಲ್ಲಿ ಬೆಳಗಾವಿಯಲ್ಲಿ ಮಿಲಿಟರಿ ಸೇರಿ, ಅಲ್ಲಿ ಫುಟ್‌ಬಾಲ್ ಕಲಿತು, ಮೊಣಕಾಲು ಕೆಡಿಸಿಕೊಂಡು ಊರಿಗೆ ಬಂದವರು. ಬಂದು ಹದಿನಾರು ವರ್ಷವಾಗಿತ್ತು. ಹದಿನಾರು ವರ್ಷವೂ ಅವರು ಮಕ್ಕಳಿಗೆ ಕೈ ಮೇಲೆ, ಕೈ ಕೆಳಗೆ ಮಾಡಿಸಿದ್ದರೇ ಹೊರತು ಒಂದು ದಿನವೂ ಚೆಂಡು ಒದ್ದಿರಲಿಲ್ಲ. ಕಾರಣ ಸರಳ: ಊರಿನಲ್ಲಿ ಸಪಾಟು ನೆಲವಿರಲಿಲ್ಲ. ಸಪಾಟಾಗಿದ್ದುದೆಲ್ಲ ಬಿತ್ತುವ ಹೊಲ. ಬಿತ್ತದೆ ಬಿಟ್ಟಿದ್ದೆಲ್ಲ ಕಲ್ಲು, ಇಳಿಜಾರು.

ಬರ ಬಂತು. ಬರಗಾಲದ ಕಾಮಗಾರಿಯೆಂದು ಊರ ಜನರೇ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಕಟ್ಟಿದರು, ಒಳಗೆ ಅಗೆದು ಸಮ ಮಾಡಿದರು. ಕೆರೆ ಸಿದ್ಧವಾಯಿತು, ನೀರು ಮಾತ್ರ ಬರಲಿಲ್ಲ. ಮರುವರ್ಷದ ಮಳೆ ಜೋಳಕ್ಕೆ ಸಾಕಾಯಿತು, ಹಳ್ಳ ಹರಿಯುವಷ್ಟಾಗಲಿಲ್ಲ. ಊರವರು ಖಾಲಿ ಕೆರೆ ನೋಡಿ ನಿಟ್ಟುಸಿರು ಬಿಟ್ಟರು. ಚನ್ನಪ್ಪ ಮಾಸ್ತರರು ಅದೇ ಕೆರೆಯನ್ನು ನೋಡಿ, ದೇವರ ಗುಡಿಯ ಮುಂದೆ ನಿಂತವರಂತೆ ಚಪ್ಪಲಿ ಬಿಟ್ಟು ಒಳಗಿಳಿದರು.

"ಸರ, ನೋಡ್ರಿ ಇಲ್ಲೆ," ಎಂದರು ನನಗೆ, ನಾನು ಬಂದ ಎರಡನೆಯ ದಿನವೇ. "ಸುತ್ತ ಒಡ್ಡು, ನಡುವ ಮೈದಾನ. ಒಡ್ಡಿನ ಮ್ಯಾಲೆ ಸಾವಿರ ಮಂದಿ ಕುಂದರಬಹುದು. ಬೆಳಗಾವ್ಯಾಗೂ ಹಿಂಗ ಇದ್ದಿಲ್ಲ."

"ಇದು ಕೆರಿ ಅಲ್ಲೇನ್ರಿ?"

"ನೀರು ಬಂದ್ಮ್ಯಾಲೆ ಕೆರಿ. ಅಲ್ಲೀಮಟ ಮೈದಾನ."

ಅವರಿಗೆ ಆಗ ನಲವತ್ತಾರು. ಮೊಣಕಾಲು ಇನ್ನೊಂದು ವರ್ಷ ತಡೆಯಬಹುದು ಎಂದು ಅವರೇ ಹೇಳುತ್ತಿದ್ದರು. ಅವರಿಗೆ ಬೇಕಾಗಿದ್ದುದು ಒಂದೇ ಒಂದು ನಿಜವಾದ ಪಂದ್ಯ: ಎರಡೂ ಕಡೆ ಹನ್ನೊಂದು ಜನ, ನಡುವೆ ಗೆರೆ, ಸುತ್ತ ಮಂದಿ, ಬರೆದಿಡಲು ಒಂದು ಫಲಿತಾಂಶ. ಅದನ್ನು ತಾನು ಹುಟ್ಟಿದ ಊರಿನಲ್ಲಿ ಆಡಿ ಸಾಯಬೇಕು ಎಂಬುದು ಅವರ ಆಸೆ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಆಸೆಗಳಿವೆ. ಇಷ್ಟು ಸ್ಪಷ್ಟವಾದ ಆಸೆಗಳು ಕಡಿಮೆ.

ತಂಡ ಕೂಡಿಸಿದರು. ಶಾಲೆಯ ಜವಾನ, ಚಹಾದಂಗಡಿಯವನು, ಗಾಣದವನು, ನಾಲ್ಕು ಜನ ಒಕ್ಕಲಿಗರು ಹೀಗೆ. ಹನ್ನೊಂದನೆಯವನು ಸಿಗದಿದ್ದಾಗ ನನ್ನನ್ನೂ ಸೇರಿಸಿದರು. ಓಡುವಾಗ ನಾನು ಕನ್ನಡಕ ಹಿಡಿದುಕೊಂಡು ಓಡುತ್ತಿದ್ದೆ. ಗೋಲಿಗೆ ನಿಂತವನು ಕುರುಬರ ಬೀರಪ್ಪ. ನೂರು ಕುರಿಗಳ ಹಿಂಡಿನಲ್ಲಿ ತಪ್ಪಿಸಿಕೊಂಡು ಜಿಗಿಯುವ ಮರಿಯನ್ನು ಗಾಳಿಯಲ್ಲೇ ಹಿಡಿದು ಬೆಳೆದವನು. ಚೆಂಡೂ ಅವನಿಗೆ ಒಂದು ಮರಿಯೇ. ಹಿಡಿದ ಮೇಲೆ ಒಂದು ಕ್ಷಣ ಎದೆಗೆ ಅವಚಿಕೊಂಡೇ ಬಿಡುತ್ತಿದ್ದ. ಅಧ್ಯಕ್ಷರು ಶಂಕರಗೌಡರು, ತಾವು ಓಡುವುದಿಲ್ಲ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡಿದ್ದರು. ಬೇವಿನ ಕಂಬ, ಮೇಲೆ ಬಿದಿರು, ಅದೇ ಗೋಲು. ಗೆರೆ ಎಳೆಯಲು ಸುಣ್ಣವಿರಲಿಲ್ಲ. ಮಾಸ್ತರರ ಹೆಂಡತಿ ಗಂಗವ್ವ ಮನೆಮನೆಯ ಒಲೆಯಿಂದ ಬೂದಿ ಕೂಡಿಸಿ ಕೊಟ್ಟಳು. ಕೊಡುವಾಗ, "ಊರಾಗಿನ ಪಾತ್ರಿ ಎಲ್ಲಾ ತಿಕ್ಕಲಾರದ ಕುಂತಾವು, ನಿಮ್ಮ ಗೆರಿ ಸಲುವಾಗಿ," ಎಂದು ಹೇಳುವುದನ್ನು ಮರೆಯುತ್ತಿರಲಿಲ್ಲ.

ಪರರಾಷ್ಟ್ರ ಸಂಬಂಧ ಶುರುವಾದದ್ದು ರದ್ದಿಯಿಂದ. ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ನಾನು ತೂಕದ ಲೆಕ್ಕದಲ್ಲಿ ತಂದ ಇಂಗ್ಲಿಷ್ ಕ್ರೀಡಾ ಪತ್ರಿಕೆಗಳಲ್ಲಿ, ಕೊನೆಯ ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಒಂದು ಪ್ರಕಟಣೆ ಇತ್ತು. ಮಾಲ್ಟಾ ಎಂಬ ದ್ವೀಪದ ಒಂದು ಫುಟ್‌ಬಾಲ್ ಕ್ಲಬ್ಬು, ಬೇರೆ ದೇಶದ ಕ್ಲಬ್ಬುಗಳೊಂದಿಗೆ ತನ್ನ ಬಾವುಟ ಬದಲಾಯಿಸಿಕೊಳ್ಳಲು ಬಯಸಿತ್ತು. ಕ್ಲಬ್ಬಿನ ಹೆಸರು ಆ ಊರಿನದೇ ಹೆಸರು. ಅದನ್ನು ನಮ್ಮಲ್ಲಿ ಯಾರೂ ಸರಿಯಾಗಿ ಉಚ್ಚರಿಸಲಿಲ್ಲವಾದ್ದರಿಂದ ಇಲ್ಲಿಯೂ ಬರೆಯುವ ಧೈರ್ಯ ಮಾಡುವುದಿಲ್ಲ.

ನಕಾಶೆಯಲ್ಲಿ ಹುಡುಕಿದೆವು. ಇಟಲಿಯ ಬೂಟಿನ ಕೆಳಗೆ ಒಂದು ನೊಣದ ಹಿಕ್ಕೆಯಷ್ಟು ಚುಕ್ಕೆ.

"ಇದು ದೇಶ ಏನ್ರಿ?" ಎಂದ ಬೀರಪ್ಪ. "ನಮ್ಮ ಇಂಡಿ ತಾಲೂಕಿನಾಗ ಇಂಥಾವು ನಾಕೈದು ಕುಂದರ್ತಾವಲ್ರಿ."

"ಅಲ್ಲಿ ಆಟ ಆಡಿದವರಿಗೆ ಪಗಾರ ಕೊಡ್ತಾರ," ಎಂದೆ.

ಚೆಂಡು ಒದ್ದವನಿಗೆ ಪಗಾರ! ಚಹಾದಂಗಡಿಯವನು ಕೇಳಿದ: "ಮತ್ತ ಚೆಂಡು ತಪ್ಪಿದ್ರ ಪಗಾರ ಹಿಡೀತಾರೇನ್ರಿ?"

ಪತ್ರ ಬರೆಯುವ ಕೆಲಸ ನನ್ನದಾಯಿತು. ಎರಡು ಸಾಲು ಬರೆಯುವಷ್ಟರಲ್ಲಿ ಚನ್ನಪ್ಪ ತಡೆದರು. "ನಮ್ಮ ಮೈದಾನದಾಗ ಹುಲ್ಲಿಲ್ಲ ಅಂತ ಮೊದ್ಲ ಬರೀರಿ ಸರ. ಹೆಣ್ಣು ತೋರಿಸೂ ಮುಂದ ಐಬು ಮುಚ್ಚಿಡಬಾರದು."

ಬರೆದೆ. "ಬ್ಯಾಸಿಗ್ಯಾಗ ಎರಿ ನೆಲ ಬಿರಕ ಬಿಟ್ಟು ಚೆಂಡು ಅದರಾಗ ಸಿಕ್ಕೊಂತೈತಿ, ಅದಕ್ಕೇನು ಕಾಯ್ದೆ ಅಂತನೂ ಕೇಳ್ರಿ." ಅದನ್ನೂ ಬರೆದೆ.

"ಇದು ಕೆರಿ ಅಂತ ಬರೀಲೇನ್ರಿ?"

ಮಾಸ್ತರರು ಆಕಾಶ ನೋಡಿದರು. "ಅದು... ಐಬು ಅಲ್ಲ ಬಿಡ್ರಿ ಅದು."

ಹೋಳಿಯ ಹೊತ್ತಿಗೆ ಒಂದು ಲಕೋಟೆ ಬಂತು. ಒಳಗೆ ಮೂರು ಮೂಲೆಯ ಪುಟ್ಟ ರೇಷ್ಮೆ ಬಾವುಟ, ಅಂಚಿಗೆ ಬಂಗಾರದ ಕುಚ್ಚು. ಜೊತೆಗೆ ಕ್ಲಬ್ಬಿನ ಕಾರ್ಯದರ್ಶಿ ಸಾಲ್ವು ಎಂಬುವರ ಪತ್ರ. ನಾನು ಶಾಲೆಯ ಕಟ್ಟೆಯ ಮೇಲೆ ನಿಂತು, ರಾಯಭಾರಿ ಓದುವಂತೆ, ಕನ್ನಡಕ್ಕೆ ತಿರುಗಿಸಿ ಓದಿದೆ. 'ನಮ್ಮ ಮೈದಾನದಲ್ಲಿಯೂ ಹುಲ್ಲಿಲ್ಲ. ನಮ್ಮ ದ್ವೀಪದಲ್ಲಿ ಹೊಳೆ ಇಲ್ಲ, ಕೆರೆ ಇಲ್ಲ. ಕಲ್ಲಿನ ಗೋಡೆ ಮತ್ತು ಕಳ್ಳಿ ಬೇಕಾದಷ್ಟಿವೆ. ಬಿದ್ದವನ ಮೊಣಕಾಲು ಇಲ್ಲಿ ಯಾವತ್ತೂ ಕೆಂಪಾಗಿರುತ್ತದೆ. ಬಿರುಕಿನ ವಿಷಯವಾಗಿ ನಿಯಮದ ಪುಸ್ತಕ ಮೌನವಾಗಿದೆ. ನಮ್ಮ ಸಮಿತಿ ಒಂದು ಸಂಜೆಯೆಲ್ಲ ಚರ್ಚಿಸಿತು, ಜಗಳವಾಯಿತು, ತೀರ್ಮಾನವಾಗಲಿಲ್ಲ.'

ಚನ್ನಪ್ಪ ಮಾಸ್ತರರು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡರು. ಇಂಗ್ಲಿಷ್ ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದರು. "ಅಲ್ಲೂ ಹುಲ್ಲಿಲ್ಲಂತ," ಎಂದರು ಮೆಲ್ಲಗೆ. ಹದಿನಾರು ವರ್ಷದಲ್ಲಿ ಅವರಿಗೆ ಯಾರೂ ಅಷ್ಟು ಒಳ್ಳೆಯ ಸುದ್ದಿ ಹೇಳಿರಲಿಲ್ಲ.

ಮುಂದೆ ನಡೆದದ್ದಕ್ಕೆ ಶಂಕರಗೌಡರೇ ಹೊಣೆ. ಅವರು ಬಾವುಟವನ್ನು ಬೆರಳಲ್ಲಿ ಉಜ್ಜಿ ನೋಡಿ, "ರೇಷ್ಮಿ ಐತಿ. ಆಯೇರ ಮಾಡ್ಯಾರ," ಎಂದು ತೀರ್ಪು ಕೊಟ್ಟರು. ಮದುವೆಯಲ್ಲಿ ಬೀಗರು ಬಟ್ಟೆ ಕೊಡುವುದು ಆಯೇರ. ಪಡೆದವರು ಅದಕ್ಕೆ ಒಂದು ಕೈ ಮೇಲಾಗಿಯೇ ತಿರುಗಿ ಕೊಡಬೇಕು. ಕೊಡದವರ ಮನೆಯ ಹೆಸರು ಮೂರು ತಲೆಮಾರು ಹೆಂಗಸರ ಬಾಯಲ್ಲಿರುತ್ತದೆ. ಇದು ಬರೀ ಬಾವುಟ ಬದಲಾಯಿಸುವ ಪದ್ಧತಿ ಎಂದು ನಾನು ಹೇಳಿ ನೋಡಿದೆ.

"ಸರ, ನೀವು ಧಾರವಾಡದವರು, ನಿಮಗ ತಿಳಿಯೂದಿಲ್ಲ," ಎಂದರು ಗೌಡರು. "ಬಟ್ಟಿ ಬಂದೈತಿ ಅಂದ್ರ ಬಟ್ಟಿ ಹೋಗಬೇಕು. ಅವರು ಹನ್ನೊಂದು ಮಂದಿ ಅದಾರೋ ಇಲ್ಲೋ? ಹನ್ನೊಂದು ರುಮಾಲ ಕಳಸ್ರಿ."

ತಲೆಗೆ ಸುತ್ತುವ ಹನ್ನೊಂದು ಕೇಸರಿ ರುಮಾಲುಗಳು, ಒಂದೊಂದು ಹತ್ತು ಮೊಳ, ಗಟ್ಟಿಯಾಗಿ ಹೊಲಿದ ಗಂಟಿನಲ್ಲಿ ಸಮುದ್ರ ದಾಟಿದವು. ಅಂದಿನಿಂದ ಊರಿನಲ್ಲಿ ಆ ಕ್ಲಬ್ಬಿನ ಹೆಸರು 'ಬೀಗರು' ಎಂದೇ ಆಯಿತು. ಅಂಚೆಯವನು ಸೈಕಲ್ಲಿನಿಂದಿಳಿಯುವ ಮೊದಲೇ, "ಬೀಗರದೇನೂ ಬಂದಿಲ್ರಿ," ಎನ್ನುತ್ತಿದ್ದ. ಗಂಗವ್ವನಂತೂ ಬೀಗರನ್ನು ಹಳಿಯುವ ಮದುವೆ ಹಾಡಿನಲ್ಲಿ ಮಾಲ್ಟಾವನ್ನು ಸೇರಿಸಿ ಹಾಡಿ, ಹೆಂಗಸರನ್ನು ಬಿದ್ದು ಬಿದ್ದು ನಗಿಸಿದಳಂತೆ. ಗಂಡಸರಾದ ನಮಗೆ ಆ ಸಾಲುಗಳನ್ನು ಯಾರೂ ಹೇಳಲಿಲ್ಲ.

ಸಾಲ್ವು ಅವರ ಎರಡನೆಯ ಪತ್ರ ಕಾರಹುಣ್ಣಿಮೆಯ ಹೊತ್ತಿಗೆ ಬಂತು. 'ಹನ್ನೊಂದು ಉದ್ದನೆಯ ಬಾವುಟಗಳು ತಲುಪಿದವು. ಇಷ್ಟು ದೊಡ್ಡ ಬಾವುಟಗಳನ್ನು ಯಾವ ಕ್ಲಬ್ಬೂ ಕಳಿಸಿರಲಿಲ್ಲ. ಹಬ್ಬದ ದಿನ ನಮ್ಮ ಮಾಳಿಗೆಯಿಂದ ಇಳಿಬಿಟ್ಟಿದ್ದೆವು, ಬೀದಿಯವರೆಗೂ ಬಂದವು.' ಅವರು ಕಳಿಸಿದ ಬಾವುಟವನ್ನು ನಾವು ಬಟ್ಟೆಯೆಂದುಕೊಂಡಿದ್ದೆವು; ನಾವು ಕಳಿಸಿದ ಬಟ್ಟೆಯನ್ನು ಅವರು ಬಾವುಟವೆಂದುಕೊಂಡರು. ಎರಡು ದೇಶಗಳ ನಡುವೆ ಇದಕ್ಕಿಂತ ಉತ್ತಮ ತಿಳುವಳಿಕೆಯನ್ನು ನಾನು ಇತಿಹಾಸದಲ್ಲಿ ಓದಿಲ್ಲ.

ಪತ್ರದ ಕೊನೆಯಲ್ಲಿ ಬಾಂಬು ಇತ್ತು. ಸಾಲ್ವು ಅವರ ತಮ್ಮ ಝೆಪ್ಪಿ ಹಡಗಿನಲ್ಲಿ ಅಡಿಗೆಯವನು. ಅದಕ್ಕೂ ಮೊದಲು ಒಂಬತ್ತು ವರ್ಷ ಪಗಾರ ತೆಗೆದುಕೊಂಡು ಆ ಕ್ಲಬ್ಬಿನ ಗೋಲು ಕಾಯ್ದವನು. ಅವನ ಹಡಗು ಸೆಪ್ಟೆಂಬರ್ ಕೊನೆಗೆ ಮುಂಬಯಿಗೆ ಬರುತ್ತದೆ, ನಾಲ್ಕು ದಿನ ರಜೆ ಸಿಗುತ್ತದೆ. 'ಅವನು ನಮ್ಮ ಕ್ಲಬ್ಬಿನ ಪರವಾಗಿ ನಿಮ್ಮ ವಿರುದ್ಧ ಆಡಲು ಬರುತ್ತಾನೆ. ಉಳಿದ ಹತ್ತು ಜನರನ್ನು ದಯವಿಟ್ಟು ನೀವೇ ಎರವಲು ಕೊಡಿ.'

ಮರುದಿನವೇ ಚನ್ನಪ್ಪ ಮಾಸ್ತರರು ಸೈಕಲ್ ಹತ್ತಿದರು; ಹತ್ತು ಜನರ ಬೇಟೆ ಆರಂಭವಾಯಿತು. ಸಿಂದಗಿಯವರಿಗೆ ಉತ್ಸಾಹವಿತ್ತು, ಚೆಂಡಿರಲಿಲ್ಲ. ಮುದ್ದೇಬಿಹಾಳದಲ್ಲಿ ಚೆಂಡಿತ್ತು, ಗಾಳಿ ತುಂಬುವ ಪಂಪು ಇರಲಿಲ್ಲ. ಬಸವನ ಬಾಗೇವಾಡಿಯವರಿಗೆ ಎರಡೂ ಇದ್ದವು, ಗೊತ್ತಿದ್ದುದು ಮಾತ್ರ ಹುತುತು, ಅಂದರೆ ಕಬಡ್ಡಿ. ಚೆಂಡಿಗಿಂತ ಮನುಷ್ಯನನ್ನು ಹಿಡಿಯುವುದರಲ್ಲೇ ಅವರಿಗೆ ಆಸಕ್ತಿ. ಮೂರೂ ತಾಲೂಕಿನಿಂದ ಹತ್ತು ಜನ, ಮತ್ತು ಝೆಪ್ಪಿ: ಇದು ಮಾಲ್ಟಾದ ತಂಡ. ಪಂದ್ಯ ಸೆಪ್ಟೆಂಬರಿನ ಕೊನೆಯ ರವಿವಾರ ಎಂದು ನಿಗದಿಯಾಯಿತು.

ಇಷ್ಟಾದರೂ ಒಂದು ವಿಷಯ ಉಳಿದೇ ಇತ್ತು. ಮೃಗಶಿರ ಹೋಯಿತು, ಆರಿದ್ರಾ ಹೋಯಿತು, ಮಳೆ ಬರಲಿಲ್ಲ. ಮೋಡ ಬರುವುದು, ಊರಿನ ಮೇಲೆ ನಿಂತು ಯೋಚಿಸುವುದು, ಸೊಲ್ಲಾಪುರದ ಕಡೆ ಹೋಗುವುದು. ಇದ್ದೆರಡು ಬಾವಿಗಳ ತಳ ಕಂಡಿತು. ಹೆಂಗಸರು ಒಂದೂವರೆ ಮೈಲಿ ದೂರದ ಸೆಲೆಯಿಂದ ಕೊಡ ಹೊತ್ತು ತರುತ್ತಿದ್ದರು. ಊರೆಲ್ಲ ಮುಗಿಲು ನೋಡಿ ಬಾ ಎನ್ನುತ್ತಿತ್ತು. ನಾವು ಹನ್ನೊಂದು ಜನ ಮಾತ್ರ, ಯಾರಿಗೂ ಕೇಳದಂತೆ, ಇನ್ನೊಂದು ಸ್ವಲ್ಪ ತಡಿ ಎನ್ನುತ್ತಿದ್ದೆವು. ಒಣ ಕೆರೆಯಲ್ಲಿ ಆಡುತ್ತ ಆಡುತ್ತ ಆ ಪಾಪ ನಮಗೆ ಅಭ್ಯಾಸವಾಗಿ ಹೋಗಿತ್ತು.

ಊರು ಅಷ್ಟೇನೂ ಕುರುಡಲ್ಲ. ಚಹಾದಂಗಡಿಯಲ್ಲಿ ಮಾತು ಶುರುವಾಯಿತು: ಕೆರೆಯ ಎದೆಯ ಮೇಲೆ ದಿನಾ ಒದ್ದರೆ ಗಂಗೆ ಹೇಗೆ ಬಂದಾಳು? ಮಾಸ್ತರ ಮಳೆ ಬ್ಯಾಡ ಎಂದು ಹರಕೆ ಹೊತ್ತಾನಂತೆ. ಗಂಗವ್ವ ಒಂದು ದಿನ ತುಂಬಿದ ಕೊಡ ಇಳಿಸುತ್ತ ನೇರವಾಗಿಯೇ ಕೇಳಿದಳು. ನಾನು ಅಲ್ಲೇ ಕೂತಿದ್ದೆ.

"ಅಲ್ರಿ, ಬೀಗರನ್ನ ಕರದೀರಿ. ಬಂದವರ ಕಾಲಿಗೆ ನೀರು ಎಲ್ಲಿಂದ ಕೊಡ್ತೀರಿ?"

ಮಾಸ್ತರರು ಚೆಂಡಿಗೆ ಎಣ್ಣೆ ಹಚ್ಚುತ್ತಿದ್ದರು. ಕೈ ನಿಂತಿತು.

"ಒಂದು ತಂಬಗಿ ಎತ್ತಿಡು."

"ಎತ್ತಿಟ್ಟ ನೀರಿಲೆ ಬೀಗರ ಕಾಲು ತೊಳೀಬೇಕಾ? ನಮ್ಮ ಮನಿತನಾ ಅಷ್ಟಕ್ಕ ಬಂತಾ?" ಎಂದಳು. ಆಮೇಲೆ ದನಿ ಇಳಿಸಿ, ನನ್ನ ಕಡೆ ತಿರುಗಿ, "ನೀವಾರ ಹೇಳ್ರಿ ಸರ. ಆ ಕೆರಿಗೆ ನಾನೂ ಒಂದು ವರ್ಷ ಮಣ್ಣು ಹೊತ್ತೇನಿ. ಚೆಂಡಿನ ಸಲುವಾಗಿ ಹೊತ್ತಿಲ್ಲ," ಎಂದಳು.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಇತಿಹಾಸದ ಮಾಸ್ತರರು ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಅದನ್ನೇ ಮಾಡುತ್ತಾರೆ.

ಶ್ರಾವಣದಲ್ಲಿ ಗುರ್ಚಿ ಬಂತು. ಮಳೆ ತಡವಾದಾಗ ರೊಟ್ಟಿ ಹಂಚಿನ ಮೇಲೆ ಸಗಣಿಯಿಂದ ಗುರ್ಚಿಯ ಮೂರ್ತಿ ಮಾಡಿ, ಕರಿಕೆ ಹುಲ್ಲು ಚುಚ್ಚಿ, ತಲೆಯ ಮೇಲೆ ಹೊತ್ತು ಮನೆಮನೆಗೆ ಬರುತ್ತಾರೆ. ಮನೆಯವರು ಅದರ ಮೇಲೆ ನೀರು ಹೊಯ್ಯಬೇಕು, ಹೊತ್ತವನು ಗಿರಗಿರ ತಿರುಗಬೇಕು, ಮಳೆರಾಯನಿಗೆ ಅದು ನೆನಪೋಲೆ. ಅವತ್ತು ಹಂಚು ಹೊತ್ತವನು ಬೀರಪ್ಪ. ನಮ್ಮ ಗೋಲ್‌ಕೀಪರ್. ಹಿಂದೆ ಅರ್ಧ ಊರು. ಚನ್ನಪ್ಪ ಮಾಸ್ತರರ ಬಾಗಿಲ ಮುಂದೆ ಬಂದು ನಿಂತಾಗ ಡೊಳ್ಳು ತಾನಾಗಿಯೇ ನಿಂತಿತು. ಎಲ್ಲರೂ ನೋಡುತ್ತಿದ್ದರು.

"ಹಾಕ್ರಿ ಮಾಸ್ತರ," ಎಂದ ಬೀರಪ್ಪ.

"ಸೆಪ್ಟೆಂಬರ್ ಕೊನೀಗೆ ಆಟ ಐತಲ್ಲೋ ಬೀರ್ಯಾ," ಎಂದರು ಮಾಸ್ತರರು. ದನಿ ಆಜ್ಞೆಯದಾಗಿರಲಿಲ್ಲ.

"ಐತ್ರಿ. ನನಗೂ ಆಡಬೇಕಂತ ಭಾಳ ಐತ್ರಿ." ಹಂಚಿನ ಕೆಳಗಿನ ಅವನ ಕಣ್ಣುಗಳು ನೆಲ ನೋಡುತ್ತಿದ್ದವು. "ಆದ್ರ ನನ್ನ ಕುರಿಗೆ ಕ್ಯಾಲೆಂಡರ ಓದಾಕ ಬರೂದಿಲ್ರಿ."

ಮಾಸ್ತರರು ಒಳಗೆ ಹೋದರು. ತಂಬಿಗೆ ತರುತ್ತಾರೆಂದು ಎಲ್ಲರೂ ಕಾದೆವು. ಅವರು ತಂದದ್ದು ಗಂಗವ್ವ ಬೆಳಿಗ್ಗೆ ಸೆಲೆಯಿಂದ ಹೊತ್ತು ತಂದ ತುಂಬಿದ ಕೊಡ. ಎರಡೂ ಕೈಯಲ್ಲಿ ಎತ್ತಿ, ಕೊನೆಯ ಹನಿಯವರೆಗೂ ಬೀರಪ್ಪನ ತಲೆಯ ಮೇಲೆ ಸುರಿದರು. ಬೀರಪ್ಪ ತಿರುಗಿದ; ಸಗಣಿ ನೀರು ನಮ್ಮೆಲ್ಲರ ಅಂಗಿಯ ಮೇಲೆ ಹಾರಿತು. ಜನ ಹೋ ಎಂದು ಕೂಗಿದರು. ಬಾಗಿಲ ಸಂದಿಯಿಂದ ಗಂಗವ್ವನ ದನಿ ಕೇಳಿತು: "ಒಂದು ತಂಬಗಿ ಸಾಕಿತ್ತಲ್ರಿ! ಸಂಜೀ ಅಡಿಗಿಗೆ ಏನು ಹೊಯ್ಲಿ, ನಿಮ್ಮ ಎಣ್ಣಿನಾ?" ಬೈದಳು, ಹೌದು. ಆದರೆ ಖಾಲಿ ಕೊಡ ಎತ್ತಿಕೊಂಡು ಮತ್ತೆ ಸೆಲೆಗೆ ಹೊರಟಾಗ ಅವಳ ನಡಿಗೆ ಬೇರೆಯೇ ಇತ್ತು. ಮಾಸ್ತರರು ಮೊಣಕಾಲು ಎಳೆಯುತ್ತ ಹಿಂದೆ ಹೋಗಿ, ಬರುವಾಗ ಕೊಡ ತಾವೇ ಹೊತ್ತು ತಂದರು. ಗಂಡಸು ಕೊಡ ಹೊತ್ತದ್ದನ್ನು ಊರು ಆಡಿಕೊಂಡಿತು. ಹರಕೆಯ ಮಾತನ್ನು ಮಾತ್ರ ಆಮೇಲೆ ಯಾರೂ ಆಡಲಿಲ್ಲ.

ಮಳೆರಾಯ ನೆನಪೋಲೆಯನ್ನು ಓದಿದನೋ ಇಲ್ಲವೋ, ಉತ್ತರ ಕೊಡಲು ಐದು ವಾರ ತೆಗೆದುಕೊಂಡ. ಆ ಐದು ವಾರ ನಾವು ಆಡಿದಷ್ಟು ಚೆನ್ನಾಗಿ ಜನ್ಮದಲ್ಲಿ ಆಡಲಿಲ್ಲ. ಈಗ ಕಣ್ಣು ಮುಚ್ಚಿದರೆ ಕಾಣುವುದು ಅದೇ: ಸಂಜೆಯ ಓರೆ ಬಿಸಿಲು, ಒಡ್ಡಿನ ನೆರಳು ಅರ್ಧ ಮೈದಾನದವರೆಗೆ, ಬೂದಿಯ ಗೆರೆಯ ಮೇಲೆ ಬರಿಗಾಲುಗಳ ಗುರುತು, ಕುಂಟುತ್ತಲೇ ಓಡುತ್ತ "ಬಿಡ್ರಿ ಸರ, ಬಿಡ್ರಿ, ನನಗ ಬಿಡ್ರಿ" ಎಂದು ಕೂಗುವ ನಲವತ್ತಾರರ ಮನುಷ್ಯ. ನಾನು ಒಂದೇ ಒಂದು ಸಲ ಚೆಂಡನ್ನು ಅವರ ಕಾಲಿಗೆ ಸರಿಯಾಗಿ ಬಿಟ್ಟುಕೊಟ್ಟಿದ್ದೆ. ನಾನು ಉಣ್ಣುತ್ತಿದ್ದುದು ಅವರ ಮನೆಯಲ್ಲೇ; ಆ ರಾತ್ರಿ ಅವರು ನನಗೆ ಎರಡು ರೊಟ್ಟಿ ಹೆಚ್ಚಿಗೆ ಹಾಕಿಸಿದರು.

ಪಂದ್ಯಕ್ಕೆ ಮೂರು ದಿನ ಇದ್ದಾಗ, ಗುರುವಾರ ಮಧ್ಯಾಹ್ನ, ಉತ್ತರಿ ಮಳೆ ಹಿಡಿಯಿತು. ಬಿಡಲಿಲ್ಲ. ಶುಕ್ರವಾರ ಬೆಳಿಗ್ಗೆ ಹಳ್ಳ ಕೆಂಪಾಗಿ ಬಂತು. ನಾವೆಲ್ಲ ಗೋಣಿಚೀಲದ ಗೊಪ್ಪೆ ಹಾಕಿಕೊಂಡು ಒಡ್ಡಿನ ಮೇಲೆ ನಿಂತೆವು. ಮೊದಲು ಬೂದಿಯ ಗೆರೆ ಹೋಯಿತು. ಆಮೇಲೆ ನೀರು ಒಂದು ಮೂಲೆಯಿಂದ ಬಂದು, ನಾವು ಚೆಂಡು ಒಯ್ಯುತ್ತಿದ್ದ ದಾರಿಯಲ್ಲೇ ಹರಿದು, ನೇರವಾಗಿ ಗೋಲಿನೊಳಗೆ ಹೋಯಿತು. ನಮ್ಮ ಬೆನ್ನ ಹಿಂದೆ ಊರಿನ ಹೆಂಗಸರು ಕುಂಕುಮ ಅರಿಷಿಣ ತಂದು ಕೆರೆಗೆ ಬಾಗಿನ ಬಿಡುತ್ತಿದ್ದರು, ಗಂಗವ್ವನ ನಗು ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು.

"ಕಂಬ ಕಿತ್ತು ತರಲೇನ್ರಿ ಮಾಸ್ತರ?" ಎಂದ ಬೀರಪ್ಪ.

ಚನ್ನಪ್ಪ ಕಂಬಗಳ ಕಡೆ ನೋಡುತ್ತ ನಿಂತಿದ್ದರು. ಮಳೆ ಅವರ ಮುಖದ ಮೇಲೆ ಇಳಿಯುತ್ತಿತ್ತು. ಬೇರೇನಾದರೂ ಇಳಿಯುತ್ತಿದ್ದರೆ ಅದು ನನಗೆ ಗೊತ್ತಾಗಲಿಲ್ಲ.

"ಇರ್ಲಿ ಬಿಡೋ. ಮೈದಾನ ಎಲ್ಲಿತ್ತಂತ ಬೀಗರಿಗೆ ತೋರಸಬೇಕಲ್ಲಾ."

ರವಿವಾರ ಬೆಳಿಗ್ಗೆ ಮಳೆ ನಿಂತಿತು. ಲಚ್ಯಾಣದಲ್ಲಿ ರೈಲಿನಿಂದ ಇಳಿದ ಝೆಪ್ಪಿ ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಸುಟ್ಟ ಇಟ್ಟಿಗೆಯ ಬಣ್ಣ. ನಾವು ಕಳಿಸಿದ ರುಮಾಲನ್ನು ಕೊರಳಿಗೆ ಎಂಟು ಸುತ್ತು ಸುತ್ತಿಕೊಂಡಿದ್ದ. ಗೌಡರು ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಬಿಚ್ಚಿ ತಲೆಗೆ ಸುತ್ತಿದರು. ಅವನ ಇಂಗ್ಲಿಷೂ ನನ್ನ ಇಂಗ್ಲಿಷಿನಷ್ಟೇ ಒರಟಾಗಿದ್ದರಿಂದ ಸಂಭಾಷಣೆ ಸುಗಮವಾಯಿತು. ಕೆಸರಿನಲ್ಲಿ ಎರಡು ಹರದಾರಿ ನಡೆದು ಒಡ್ಡು ಹತ್ತಿದೆವು. ಅವನ ತಂಡದ ಹತ್ತು ಜನ ಆಚೆಯ ದಂಡೆಯಲ್ಲಿದ್ದರು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯವರು ಬಸ್ಸಿಳಿದು ಬಂದು, ತುಂಬಿದ ಹಳ್ಳ ದಾಟಲಾಗದೆ ಅಲ್ಲಿಂದಲೇ ಕೈ ಬೀಸುತ್ತಿದ್ದರು.

"ಮೈದಾನ ಎಲ್ಲಿ?" ಎಂದ ಝೆಪ್ಪಿ.

ಚನ್ನಪ್ಪ ಮಾಸ್ತರರು ಕೈ ಚಾಚಿ ನೀರು ತೋರಿಸಿದರು. ದೂರದ ಗೋಲಿನ ಬಿದಿರು ಮಾತ್ರ ಮೇಲಿತ್ತು, ಅದರ ಮೇಲೊಂದು ಕಾಗೆ. ಹತ್ತಿರದ ಗೋಲಿನಲ್ಲಿ ಎದೆಮಟ್ಟ ನೀರು.

"ಸರ, ಹೇಳ್ರಿ ಅವರಿಗೆ," ಎಂದರು ಮಾಸ್ತರರು. "ಐಬು ಮುಚ್ಚಿಟ್ಟಿದ್ದೆ, ತಪ್ಪಾತು ಅಂತ ಹೇಳ್ರಿ. ಇದು ಮೊದಲಿಂದಾನೂ ಕೆರಿ."

ನಾನು ಹೇಳಿದೆ. ಝೆಪ್ಪಿ ದಂಡೆಗಿಳಿದು, ಬೊಗಸೆಯಲ್ಲಿ ನೀರೆತ್ತಿ ಕುಡಿದ. ಮತ್ತೊಂದು ಬೊಗಸೆ ಕುಡಿದ.

"ಸಿಹಿ!" ಎಂದು ಕೂಗಿದ. "ನಮ್ಮ ಸುತ್ತ ಇರುವುದೆಲ್ಲ ನೀರೇ, ಒಂದು ಗುಟುಕೂ ಕುಡಿಯುವ ಹಾಗಿಲ್ಲ. ಮಳೆ ಬಂದರೆ ನಮ್ಮಪ್ಪ ಟೋಪಿ ತೆಗೆದು ನಿಲ್ಲುತ್ತಿದ್ದ." ಹಾಗೆಂದು ಗೌಡರು ಅಷ್ಟು ಕಷ್ಟಪಟ್ಟು ಸುತ್ತಿದ್ದ ರುಮಾಲು ತೆಗೆದು, ಬೋಳುತಲೆಯಲ್ಲಿ ಕೆರೆಯ ಮುಂದೆ ನಿಂತ.

ಆಗ ಗಂಗವ್ವ ಬಂದಳು. ಕೈಯಲ್ಲಿ ತಾಮ್ರದ ತಂಬಿಗೆಯಲ್ಲ, ತುಂಬಿದ ಕೊಡವಿತ್ತು. "ಎಲ್ಲಾ ಆಮ್ಯಾಲೆ. ಮೊದ್ಲ ಬೀಗರ ಕಾಲಿಗೆ ನೀರು," ಎಂದು ಅವನ ಕೆಸರುಗಾಲಿನ ಮೇಲೆ ಆ ಇಡೀ ಕೊಡವನ್ನು, ಕೈ ಹಿಡಿಯದೆ, ಧಾರೆಧಾರೆಯಾಗಿ ಸುರಿದಳು. ಸುರಿಯುತ್ತಾ ಗಂಡನ ಕಡೆ ನೋಡಿದಳು. ಮಾಸ್ತರರು ತಲೆಯಾಡಿಸಿದರು. ಅಷ್ಟು ಸಾಕಾಗಿತ್ತು.

ಕಾಲು ತೊಳೆಸಿಕೊಂಡ ಝೆಪ್ಪಿ ಅಂಗಿ ಬಿಚ್ಚಿ, ಚಡ್ಡಿಯಲ್ಲಿ ನೀರಿಗಿಳಿದು, ಹತ್ತಿರದ ಗೋಲಿನಲ್ಲಿ ಹೋಗಿ ನಿಂತು ಕೈ ಅಗಲಿಸಿದ. "ಬನ್ನಿ," ಎಂದ. "ಒಬ್ಬೊಬ್ಬರಾಗಿ."

ಹನ್ನೊಂದು ಜನ ನೀರಿನ ದಂಡೆಯಿಂದ ಒಂದೊಂದು ಸಲ ಒದ್ದೆವು. ಊರೆಲ್ಲ ಒಡ್ಡಿನ ಮೇಲೆ. ಸಾವಿರ ಮಂದಿ ಇದ್ದರೋ ಏನೋ, ಮಾಸ್ತರರ ಲೆಕ್ಕ ಸುಳ್ಳಾಗಲಿಲ್ಲ. ಝೆಪ್ಪಿ ತಿಮಿಂಗಿಲದಂತೆ ಏಳುವುದು, ಚೆಂಡು ಹಿಡಿದು ಮುಳುಗುವುದು, ನೀರು ಉಗುಳಿ ನಗುವುದು. ನನ್ನ ಹೊಡೆತ ಅವನವರೆಗೂ ಹೋಗಲಿಲ್ಲ. ಬೀರಪ್ಪನದನ್ನು ಬೆರಳ ತುದಿಯಲ್ಲಿ ತಳ್ಳಿದ. ಹತ್ತು ಹೊಡೆತ, ಒಂದೂ ಗೋಲಿಲ್ಲ.

ಕೊನೆಗೆ ಚನ್ನಪ್ಪ ಮಾಸ್ತರರು. ಚೆಂಡು ನೀರು ಕುಡಿದು ಕಲ್ಲಾಗಿತ್ತು. ಎಣ್ಣೆಯೆಲ್ಲ ಬಿಟ್ಟು ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತಿತ್ತು. ಅವರು ನಾಲ್ಕು ಹೆಜ್ಜೆ ಕುಂಟಿ ಬಂದು ಒದ್ದರು. ಚೆಂಡು ಗೋಲಿಗೆ ಐದಾರು ಮಾರು ಈಚೆಗೇ ಧಪ್ಪೆಂದು ಬಿತ್ತು. ಮಾಸ್ತರರು ಮೊಣಕಾಲು ಹಿಡಿದು ಕೂತರು. ಮುಗಿಯಿತು ಎಂದುಕೊಂಡೆವು. ಆದರೆ ಚೆಂಡು ಮುಳುಗಲಿಲ್ಲ. ಪಡುವಣ ಗಾಳಿ ಅದನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಗೋಲಿನ ಕಡೆ ತಳ್ಳತೊಡಗಿತು. ಝೆಪ್ಪಿ ನೋಡಿದ. ಎರಡೂ ಕೈ ನೀರಿನಿಂದ ಮೇಲೆತ್ತಿದ. ಮುಟ್ಟಲಿಲ್ಲ. ಇಡೀ ಊರು ಸುಮ್ಮನಾಗಿ ನೋಡುತ್ತಿರುವಾಗ ಆ ಚೆಂಡು, ಕರೆಯದೆ ಬಂದ ನೆಂಟನಂತೆ ಅನುಮಾನಿಸುತ್ತ ಅನುಮಾನಿಸುತ್ತ, ಎರಡು ಕಂಬಗಳ ನಡುವೆ ಬಂದು ಅವನ ಎದೆಗೆ ತಾಗಿ ನಿಂತಿತು.

"ಗೆರೆ ಎಲ್ಲಿ?" ಎಂದು ಕೇಳಿದ ಝೆಪ್ಪಿ, ಗಂಭೀರವಾಗಿ.

"ತಳದಾಗ ಐತ್ರಿ," ಎಂದರು ಮಾಸ್ತರರು, ಕೂತಲ್ಲಿಂದಲೇ.

ಆ ದೀಪಾವಳಿಗೆ ನನಗೆ ವರ್ಗವಾಯಿತು. ಮಾಸ್ತರರ ಮೊಣಕಾಲು ಆಮೇಲೆ ಆಟಕ್ಕೆ ಬರಲಿಲ್ಲ. ಕೆಲವು ಬೇಸಿಗೆಯಲ್ಲಿ ಕೆರೆ ಸ್ವಲ್ಪ ಇಳಿಯುತ್ತಿತ್ತಂತೆ, ಕಂಬದ ಬುಡ ಕಾಣುವಷ್ಟು ಯಾವತ್ತೂ ಇಳಿಯಲಿಲ್ಲ. ಹೋದ ತಿಂಗಳು ಊಟ ಮುಗಿಸಿ ಆ ಊರಿಗೆ ಹೋದೆ. ಕಂಬಗಳಿಲ್ಲ. ಕುರಿಗಳು ನೀರು ಕುಡಿಯುತ್ತಿದ್ದವು. ಹಿಂದೆ ನಿಂತವನು ಬೀರಪ್ಪನ ಮೊಮ್ಮಗನಂತೆ, ನನ್ನ ಗುರುತು ಅವನಿಗೆ ಹೇಗೆ ಹತ್ತಬೇಕು. ಮಾಸ್ತರರು ಇಲ್ಲ, ಗಂಗವ್ವನೂ ಇಲ್ಲ. ಆ ಮನೆಯಲ್ಲಿ ಈಗಿರುವ ಅವರ ತಂಗಿಯ ಮೊಮ್ಮಗ ಗೋಡೆಯ ಮೇಲಿನ ಒಂದು ಚೌಕಟ್ಟು ತೋರಿಸಿದ. ಸಾಲ್ವು ಅವರು ಮರುವರ್ಷ ಕಳಿಸಿದ ಕ್ಲಬ್ಬಿನ ವಾರ್ಷಿಕ ಪುಸ್ತಿಕೆಯ ಒಂದು ಹಾಳೆ. ಆ ಹಂಗಾಮಿನಲ್ಲಿ ಕ್ಲಬ್ಬು ಆಡಿದ ಪಂದ್ಯಗಳ ಪಟ್ಟಿ. ಇಟಲಿಯ ಒಂದು ಊರು, ಲಿಬಿಯಾದ ಒಂದು ಊರು, ಮುಂದೆ ಗೆದ್ದದ್ದು ಸೋತದ್ದು. ಕೊನೆಯ ಸಾಲಿನ ಕೆಳಗೆ ಯಾರೋ ಬಹಳ ಹಿಂದೆ ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದರು. ಇಂಗ್ಲಿಷಿನಲ್ಲಿದ್ದ ಆ ಸಾಲಿನ ಅರ್ಥವೇನೆಂದು ಹುಡುಗ ಕೇಳಿದ. ಓದಿ ಹೇಳಿದೆ.

ಇಂಡಿ ತಾಲೂಕು, ಭಾರತ: ಮೈದಾನದಲ್ಲಿ ನೀರು ನಿಂತಿದ್ದರಿಂದ ಪಂದ್ಯ ನಡೆಯಲಿಲ್ಲ.